ವಿನಿಮಯಕುಮಾರ

ಸ್ವಂತ ಬೀದಿಯ ನಾಲ್ಕನೆಯ ಮನೆಯಲ್ಲಿ ಯಾರಿದ್ದಾರೆಂಬುದನ್ನು ಹುಟ್ಟಿದಂದಿನಿಂದ ವಿಚಾರಿಸದೆ, ಮನೆಗೆ ನೆಂಟರು ಬಂದರೆ ಕೋಣೆಗೆ ಅಗುಳಿ ಹಾಕಿಕೊಂಡು, ಕಾಫಿ ಕುಡಿದ ಲೋಟವನ್ನು ಕುಡಿದಲ್ಲಿಯೇ ಬಿಟ್ಟು ಹದಿನಾರು ಸಂವತ್ಸರಗಳನ್ನು ಸುಖವಾಗಿ ಕಳೆದ ಹುಡುಗನೊಬ್ಬನು, ಒಂದು ದಿನ ಬೆಳಗ್ಗೆ ಎದ್ದವನೇ ತಿಂದ ತಟ್ಟೆಯನ್ನು ತಾನೇ ತೊಳೆದಿಟ್ಟು, ಅಜ್ಜಿಯ ಮಂಡಿನೋವನ್ನು ವಿಚಾರಿಸಿ, ತುಳಸಿಗೆ ನೀರೆರೆದನೆಂದರೆ, ಅವನಿಗೆ ಜ್ವರ ಬಂದಿದೆಯೆಂದು ಗಾಬರಿಪಡಬೇಕಾದ ಕಾರಣವಿಲ್ಲ. ಅವನು ವಿದ್ಯಾರ್ಥಿ ವಿನಿಮಯ ಯೋಜನೆಗೆ ಅರ್ಜಿ ಹಾಕಿದ್ದಾನೆಂದು ತಿಳಿಯತಕ್ಕದ್ದು. ಬೆಂಗಳೂರಿನ ಜಯನಗರದಲ್ಲಿಯೂ ಮೈಸೂರಿನ ಸರಸ್ವತೀಪುರದಲ್ಲಿಯೂ ಈ ವರ್ಗದವರು ವಿರಳವಲ್ಲ. ನಮ್ಮ ನೆರೆಮನೆಯ ಕುಮಾರನು ಈ ವರ್ಗಕ್ಕೆ ಭೂಷಣಪ್ರಾಯನಾದವನು.

ಯೋಜನೆಯ ಸ್ವರೂಪ ಇಷ್ಟೆ: ಹದಿಹರೆಯದ ಮಕ್ಕಳು ಒಂದು ವರ್ಷಕಾಲ ಪರದೇಶದ ಗೃಹಸ್ಥರ ಮನೆಯಲ್ಲಿ ಮನೆಮಕ್ಕಳಂತೆ ಇದ್ದುಕೊಂಡು ಅಲ್ಲಿಯ ಶಾಲೆಗೆ ಹೋಗಿಬರುವುದು. ರೋಟರಿಯವರು ಇದನ್ನು ಬಹುಕಾಲದಿಂದ ನಡೆಸುತ್ತಿದ್ದಾರೆ, ಎ.ಎಫ್.ಎಸ್. ಎಂಬ ಇನ್ನೊಂದು ಸಂಸ್ಥೆಯೂ ಉಂಟು. ಎರಡಕ್ಕೂ ಅರ್ಜಿ ಹಾಕಿದ ನಮ್ಮ ಕುಮಾರನಿಗೆ ಎರಡರ ಸ್ಥಳಪುರಾಣವೂ ಕಂಠಪಾಠ. 1915ರಲ್ಲಿ ಫ್ರಾನ್ಸಿನ ರಣಭೂಮಿಯಲ್ಲಿ ಗಾಯಾಳುಗಳನ್ನು ಸಾಗಿಸಲು ಆಂಬುಲೆನ್ಸ್ ಓಡಿಸಿದ ಅಮೆರಿಕದ ತರುಣರಿಂದ ಎ.ಎಫ್.ಎಸ್. ಹುಟ್ಟಿತೆಂಬುದನ್ನೂ, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆ ಆಂಬುಲೆನ್ಸಿನವರೇ, ಒಂದು ದೇಶದ ಮಕ್ಕಳು ಇನ್ನೊಂದು ದೇಶದ ಮನೆಯಲ್ಲಿ ಉಂಡು ಬೆಳೆದರೆ ಮುಂದೆ ಪರಸ್ಪರ ಗುಂಡು ಹಾರಿಸಲು ಸ್ವಲ್ಪವಾದರೂ ಸಂಕೋಚಪಟ್ಟಾರೆಂದು ಎಣಿಸಿ ಶಾಲಾಮಕ್ಕಳ ವಿನಿಮಯವನ್ನು ಆರಂಭಿಸಿದರೆಂಬುದನ್ನೂ, ಅವನು ಸಂದರ್ಶನದ ಅಭ್ಯಾಸಕ್ಕೆಂದು ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಒಪ್ಪಿಸುತ್ತಿದ್ದಾಗ, ಕಿವಿ ಕೊಂಚ ಮಂದವಾದ ಅಜ್ಜಿ ಆಂಬುಲೆನ್ಸ್ ಎಂಬುದೊಂದನ್ನು ಮಾತ್ರ ಕೇಳಿಸಿಕೊಂಡು, 'ಅಯ್ಯೋ, ಯಾರಿಗೇನಾಯ್ತೋ!' ಎಂದು ದೇವರ ಮನೆಯಿಂದ ಓಡಿಬಂದರು.

ನಿವೃತ್ತ ಉಪಾಧ್ಯಾಯನಾದ ನನ್ನ ಬಳಿಗೆ ಅವನು ಬಂದದ್ದು ಶಿಫಾರಸು ಪತ್ರಕ್ಕಾಗಿ.

'ಮೇಷ್ಟ್ರೇ, ನನ್ನಲ್ಲಿ ನಾಯಕತ್ವದ ಗುಣ ಇದೆ ಅಂತ ಬರೆದುಕೊಡಬೇಕಿತ್ತು.'

'ಯಾವಾಗಿನಿಂದಪ್ಪಾ?'

'ಸೋಮವಾರದೊಳಗೆ ಸಿಕ್ಕಿದರೆ ಸಾಕು, ಮೇಷ್ಟ್ರೇ.'

ಬೀದಿಯ ಹುಡುಗರನ್ನೆಲ್ಲ ಕೂಡಿಸಿ ನನ್ನ ಸೀಬೆಮರದವರೆಗೆ ನಡೆಸಿಕೊಂಡು ಬಂದು, ಒಬ್ಬನೂ ಸಿಕ್ಕಿಬೀಳದಂತೆ ಅಷ್ಟೇ ಜಾಣತನದಿಂದ ಹಿಂದಕ್ಕೆ ಕರೆದೊಯ್ದವನು ಈತನೇ ಎಂಬುದು ನೆನಪಿಗೆ ಬಂದುದರಿಂದ, ಯಾವ ಅಂತಃಸಾಕ್ಷಿಯ ಬಾಧೆಯೂ ಇಲ್ಲದೆ ನಾನು ಪತ್ರಕ್ಕೆ ಸಹಿ ಮಾಡಿದೆನು.

ಕಷ್ಟವಾದದ್ದು ಅವನೇ ಬರೆಯಬೇಕಾಗಿದ್ದ ಇನ್ನೊಂದು ಪತ್ರ. ಮುಂದೆ ತನ್ನನ್ನು ಸಾಕಲಿರುವ ಅಜ್ಞಾತ ದಂಪತಿಗಳಿಗೆ ಅಭ್ಯರ್ಥಿಯು ತನ್ನ ಪರಿಚಯವನ್ನು ಹೇಳಿಕೊಳ್ಳಬೇಕೆಂಬುದು ನಿಯಮ. ಉಪನಯನಕ್ಕೆ ಉಂಗುರ ತೊಡಿಸಿದ ಸೋದರಮಾವನಿಗೆ ಎರಡು ಸಾಲು ಬರೆಯದ ಕುಮಾರನು ಮುಖವನ್ನೇ ಕಾಣದ ಈ ದಂಪತಿಗಳಿಗೆ ನಾಲ್ಕು ಪುಟ ಬರೆದು, ಅಡುಗೆಯಲ್ಲಿ ತಾಯಿಗೆ ನೆರವಾಗುವುದು ತನಗೆ ಅತ್ಯಂತ ಪ್ರಿಯವಾದ ಕಾಯಕವೆಂದೂ, ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತುವುದು ತನ್ನ ವಾಡಿಕೆಯೆಂದೂ ನಿವೇದಿಸಿದನು. ಬರೆದ ತಪ್ಪಿಗೆ ಮರುದಿನ ಹೊರಟು, ದೊಡ್ಡ ನಂದಿಯವರೆಗೆ ಹತ್ತಿ, ಅಲ್ಲಿಂದ ಬಸ್ಸು ಹಿಡಿದು ಮನೆಗೆ ಬಂದನೆಂಬುದನ್ನು ಅವನ ಪರವಾಗಿ ಹೇಳಲೇಬೇಕು. ತಾಯಿ ಪತ್ರವನ್ನು ಕೊನೆಯವರೆಗೂ ಓದಿ, 'ಒಳ್ಳೇ ಹುಡುಗ ಕಣೋ. ಯಾರ ಮನೆಯವನು?' ಎಂದು ಕೇಳಿದರಂತೆ.

ಪತ್ರದ ಜೊತೆಗೆ ಚಿತ್ರಗಳನ್ನೂ ಲಗತ್ತಿಸಬೇಕು. ಕುಟುಂಬದೊಡನೆ ಒಂದು, ಮನೆಗೆಲಸದಲ್ಲಿ ತೊಡಗಿದಂತೆ ಒಂದು, ಹಬ್ಬದ ಆಚರಣೆಯದೊಂದು. ಮೈಸೂರಿನವನಾಗಿ ದಸರೆಯನ್ನು ಬಿಡಲುಂಟೇ? ಆದರೆ ಅರ್ಜಿಯ ಕಾಲ ಡಿಸೆಂಬರ್ ತಿಂಗಳು. ದಸರೆಯ ದಿನಗಳಲ್ಲಿ ಇವನು ಗೊಂಬೆಗಳ ಕಡೆಗೆ ಕಣ್ಣೆತ್ತಿ ನೋಡಿದವನಲ್ಲ. ಆದಕಾರಣ ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದ್ದ ಪಟ್ಟದ ಗೊಂಬೆಗಳು ಅಕಾಲದಲ್ಲಿ ಕೆಳಗಿಳಿದವು. 'ಧನುರ್ಮಾಸದಲ್ಲಿ ಗೊಂಬೆ ಕೂರಿಸೋದುಂಟೇನೋ?' ಎಂದು ಅಜ್ಜಿ ಆಕ್ಷೇಪಿಸಿದರೂ, ಪೆಟ್ಟಿಗೆಯಿಂದ ಜರಿಸೀರೆ ತೆಗೆದು ಉಟ್ಟು ಬಂದು ಗೊಂಬೆಗಳ ಪಕ್ಕದಲ್ಲಿ ತಾವೇ ಮೊದಲು ನಿಂತರು. ಅವಸರದಲ್ಲಿ ರಾಜನ ಎಡಕ್ಕಿರಬೇಕಾದ ರಾಣಿ ಬಲಕ್ಕೆ ನಿಂತುಬಿಟ್ಟಳು. ಹಾಗೆಯೇ ಸಮುದ್ರ ದಾಟಿದಳು.

ಆಹಾರದ ಪುಟ ಬಂದಾಗ ಮಾತ್ರ ಮನೆಯಲ್ಲಿ ಪ್ರಕ್ಷುಬ್ಧತೆ ಉಂಟಾಯಿತು. ಮಾಂಸ, ಮೀನು, ಮೊಟ್ಟೆ ಇವುಗಳಲ್ಲಿ ಯಾವುದನ್ನು ಸೇವಿಸುವಿರೆಂಬ ಪ್ರಶ್ನೆಗೆ ಉತ್ತರ ಬರೆದು, ತಂದೆಯ ಸಹಿಯನ್ನೂ ಹಾಕಿಸಬೇಕು. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ಓದದೆ ಸಹಿ ಹಾಕದ ಅಭ್ಯಾಸವುಳ್ಳ ತಂದೆಗೆ, ಮಗನು ಬೀದಿಯ ತುದಿಯ ಅಯ್ಯಂಗಾರ್ ಬೇಕರಿಯಲ್ಲಿ ಮೂರು ವರ್ಷಗಳಿಂದ ಎಗ್ ಪಫ್ ಸೇವಿಸುತ್ತಿರುವ ವಿಷಯವು, ನೆರೆಹೊರೆಯವರೆಲ್ಲರಿಗೂ ತಿಳಿದ ಮೇಲೆ, ಒಂದು ಪರದೇಶದ ಅರ್ಜಿಯ ಮೂಲಕ ಗೊತ್ತಾಯಿತು. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, 'ಅಜ್ಜಿಗೆ ಹೇಳಬೇಡ' ಎಂದಷ್ಟೇ ಹೇಳಿ ಸಹಿ ಮಾಡಿದರು. ಅಜ್ಜಿಗೂ ಗೊತ್ತಿತ್ತು, ಅದು ಬೇರೆ ಮಾತು.

ಒಂದು ವರ್ಷ ಹೋದರೆ ಪಿ.ಯು.ಸಿ.ಯ ಗತಿಯೇನು, ಸಿ.ಇ.ಟಿ.ಯ ಗತಿಯೇನು ಎಂಬ ವಿಚಾರವು ಎಲ್ಲ ಮನೆಗಳಲ್ಲಿ ನಡೆಯುವಂತೆ ಇಲ್ಲಿಯೂ ನಡೆಯಿತು. ವಾಹನ ನಡೆಸಕೂಡದು, ಮದ್ಯಪಾನ ಕೂಡದು, ಮಾದಕದ್ರವ್ಯ ಕೂಡದು, ಪ್ರೇಮಪ್ರಸಂಗ ಕೂಡದು ಎಂಬ ರೋಟರಿಯ ನಾಲ್ಕು ವಿಧಿಗಳನ್ನು ಓದಿದ ತಂದೆ, ಇವುಗಳನ್ನು ಹೊರಡುವ ಮುಂಚೆಯೇ ಜಾರಿಗೆ ತರಲು ಅವಕಾಶವಿದೆಯೇ ಎಂದು ವಿಚಾರಿಸಿದರು. ಅಮೆರಿಕವನ್ನೇ ಮೊದಲ ಆಯ್ಕೆಯಾಗಿ ಬರೆದಿದ್ದ ಕುಮಾರನಿಗೆ ರೋಟರಿಯ ಮೂಲಕ ದೊರೆತದ್ದು ಫಿನ್‌ಲೆಂಡ್, ಅದರಲ್ಲಿಯೂ ಉತ್ತರದ ತುದಿ. ಡಿಸೆಂಬರಿನಲ್ಲಿ ಅಲ್ಲಿ ಕೆಲವು ವಾರ ಸೂರ್ಯನೇ ಮೂಡುವುದಿಲ್ಲವೆಂದು ಕೇಳಿ ಅಜ್ಜಿ ಚಿಂತಾಕ್ರಾಂತರಾದರು. 'ಸೂರ್ಯನೇ ಹುಟ್ಟದ ಊರಲ್ಲಿ ಇವನು ಅರ್ಘ್ಯ ಕೊಡೋದು ಯಾರಿಗೆ ಮೇಷ್ಟ್ರೇ?' ಎಂದು ನನ್ನನ್ನು ಕೇಳಿದರು. ಸೂರ್ಯನು ದಿನವೂ ತಪ್ಪದೆ ಹುಟ್ಟುವ ಮೈಸೂರಿನಲ್ಲಿ ಅವನು ಕೊಟ್ಟ ಅರ್ಘ್ಯದ ಲೆಕ್ಕವನ್ನು ನಾನು ಎತ್ತಲಿಲ್ಲ.

ಈ ಸಂಭ್ರಮದಲ್ಲಿ ಎಲ್ಲರೂ ಮರೆತಿದ್ದ ಸಂಗತಿಯೊಂದಿತ್ತು. ವಿನಿಮಯವೆಂದ ಮೇಲೆ ಕೊಡುವುದರ ಜೊತೆಗೆ ಕೊಳ್ಳುವುದೂ ಉಂಟಷ್ಟೆ. ಮಗನನ್ನು ಕಳುಹಿಸಿದ ಮನೆಯವರು ಹೊರಗಿನಿಂದ ಬಂದ ಮಗುವನ್ನು ಇರಿಸಿಕೊಳ್ಳಬೇಕೆಂದು ಕ್ಲಬ್ಬಿನವರು ಸೌಜನ್ಯದಿಂದ ಜ್ಞಾಪಿಸಿದರು. ಕುಮಾರನ ಕೋಣೆಗೆ ಬ್ರೆಜಿಲಿನ ಆರಡಿ ಎತ್ತರದ ಹುಡುಗನೊಬ್ಬ ಬಂದಿಳಿದನು. ಬಂದ ವಾರದಲ್ಲಿಯೇ ಅವನು ಅಜ್ಜಿಯಿಂದ ಚೌಕಾಬಾರ ಕಲಿತು, ಈಗ ಅಜ್ಜಿಯನ್ನೇ ಸೋಲಿಸುತ್ತಿದ್ದಾನೆ. ಆದರೆ ಇಂಥ ಅತಿಥಿಗಳು ಒಂದೇ ಮನೆಯಲ್ಲಿ ವರ್ಷ ಕಳೆಯುವುದಿಲ್ಲ. ಕೆಲವು ತಿಂಗಳಿಗೊಂದರಂತೆ ಮನೆ ಬದಲಾಯಿಸಬೇಕು. ಎರಡನೆಯ ಮನೆ ಗೊತ್ತಾಗಿದೆ. ಮೂರನೆಯದು ಇನ್ನೂ ಸಿಕ್ಕಿಲ್ಲ. ಮೈಸೂರಿನ ವಾಚಕ ಮಹಾಶಯರಲ್ಲಿ ಯಾರ ಮನೆಯಲ್ಲಾದರೂ ಕೋಣೆಯೊಂದು ಖಾಲಿಯಿದ್ದರೆ ದಯವಿಟ್ಟು ತಿಳಿಸಬೇಕು. ಹುಡುಗನಿಗೆ ಹಸಿಮೆಣಸಿನಕಾಯಿ ಸೇರದು. ಉಳಿದಂತೆ ಯಾವ ತಕರಾರೂ ಇಲ್ಲ.