ಶ್ರೀಮಾನ್ ಸಿಎಲ್-9 ಅವರಿಗೊಂದು ಬಹಿರಂಗ ಪತ್ರ

ಮದ್ಯದ ಸನ್ನದುಕುಲತಿಲಕರಾದ ಶ್ರೀಮಾನ್ ಸಿಎಲ್-9 ಅವರ ದಿವ್ಯ ಸನ್ನಿಧಿಗೆ,

ಬೆಂಗಳೂರು ದಕ್ಷಿಣದಲ್ಲಿ ಮಹಡಿಯ ಮೇಲೆ 60 ಕುರ್ಚಿಗಳ ನಾಟಕದ ಮನೆ ನಡೆಸುವವನ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ. ತಾವು ಕ್ಷೇಮವಾಗಿರುವುದು ದಿನಾ ಸಂಜೆ ರಸ್ತೆಯ ಎರಡೂ ಬದಿ ಹೊತ್ತಿಕೊಳ್ಳುವ ದೀಪಗಳಿಂದಲೇ ತಿಳಿಯುತ್ತದೆ. ನಮ್ಮ ಕ್ಷೇಮ ವಿಚಾರಿಸುವ ಪದ್ಧತಿ ತಮ್ಮಲ್ಲಿಲ್ಲ. ಹಾಗಾಗಿ ನೇರ ಬೇಡಿಕೆಗೆ ಬರುತ್ತೇನೆ: ನನಗೆ ತಾವು ಬೇಕು.

ನನ್ನ ಜಾಗದ ಬಗ್ಗೆ ಎರಡು ಮಾತು. ವಾರದ ಕೊನೆಗೆ ನಾಟಕ, ನಡುವೆ ಕಥೆ ಓದುವುದು, ಒಮ್ಮೊಮ್ಮೆ ಸಣ್ಣ ಬೈಠಕ್ಕಿನ ಹಾಡುಗಾರಿಕೆ. ಬರುವವರು ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದವರು, ಸಾಲ ತೀರಿಸಿದವರು, ಕೆಲವರು ಪಿಂಚಣಿ ಪಡೆಯುವವರು. ಇಂಟರ್‌ವಲ್‌ನಲ್ಲಿ ಚಹಾ, ಕೋಡುಬಳೆ ಕೊಡುತ್ತೇವೆ. ಟಿಕೆಟ್ಟಿನ ದುಡ್ಡಲ್ಲಿ ಕರೆಂಟ್ ಬಿಲ್ಲು ಕಟ್ಟಿದರೆ ನಟರ ಆಟೋ ಚಾರ್ಜಿಗೆ ಉಳಿಯುವುದಿಲ್ಲ. ಮೂಲೆಯಲ್ಲೊಂದು ಪುಟ್ಟ ಕೌಂಟರ್ ಇಟ್ಟು, ಕೂತು ಕುಡಿಯುವವರಿಗೆ ಗ್ಲಾಸಿನಲ್ಲಿ ಒಂದು ಪೆಗ್ ರಮ್ಮು, ಪಕ್ಕದಲ್ಲಿ ಹುರಿಗಡಲೆ ಕೊಟ್ಟರೆ ನಾಟಕವೂ ಉಳಿದೀತು, ಮಾತೂ ಬೆಳೆದೀತು ಅಂದುಕೊಂಡೆ. ಅಷ್ಟೇ ನನ್ನ ಮಹತ್ವಾಕಾಂಕ್ಷೆ.

ಅರ್ಜಿ ಹಾಕುವ ಮೊದಲು ತಮ್ಮ ವಂಶವೃಕ್ಷ ತಿಳಿದುಕೊಳ್ಳುವುದು ಮರ್ಯಾದೆಯೆಂದು 1965ರ ಕರ್ನಾಟಕ ಅಬಕಾರಿ ಅಧಿನಿಯಮವನ್ನೂ ಅದರಡಿ ಬಂದ 1968ರ ಮದ್ಯ ಮಾರಾಟದ ನಿಯಮಗಳನ್ನೂ ತೆರೆದೆ. ದೊಡ್ಡ ಅವಿಭಕ್ತ ಕುಟುಂಬ ತಮ್ಮದು. ತಮ್ಮಣ್ಣ ಸಿಎಲ್-2, ಸೀಲು ಒಡೆಯದ ಬಾಟಲಿ ಮಾರುವ ವೈನ್ ಶಾಪು. ಸಿಎಲ್-4 ಕ್ಲಬ್ಬಿನವರು, ಸದಸ್ಯರಲ್ಲದವರ ಮುಖ ನೋಡುವವರಲ್ಲ. ಸಿಎಲ್-6ಎ ನಕ್ಷತ್ರ ಹೊತ್ತ ಹೋಟೆಲುಗಳ ಸಂಬಂಧಿ. ಸಿಎಲ್-7 ವಸತಿಗೃಹದವರು. ತಾವು, ಸಿಎಲ್-9, ತಿಂಡಿಯ ಜೊತೆ ಗ್ಲಾಸಿಗೆ ಸುರಿದು ಕೊಡುವ ಬಾರಿನವರು. ಕುಟುಂಬದಲ್ಲಿ ನನಗೆ ಹೊಂದುವವರು ತಾವೊಬ್ಬರೇ.

ಆದರೆ ತಾವು ಸಿಗುವುದಿಲ್ಲ. 1992ರಿಂದ ಸರ್ಕಾರ ಹೊಸ ಸಿಎಲ್-2, ಸಿಎಲ್-9 ಕೊಡುವುದನ್ನೇ ನಿಲ್ಲಿಸಿತು. ಉದ್ದೇಶ ಘನವಾದದ್ದು: ಹೊಸ ಬಾರು ಬೇಡ, ಜನ ಕುಡಿಯುವುದು ಕಡಿಮೆಯಾಗಲಿ. 1991ರ ಜನಗಣತಿಯಲ್ಲಿ ಬೆಂಗಳೂರು 41 ಲಕ್ಷದ ಊರು. 2011ಕ್ಕೆ 85 ಲಕ್ಷ. ಆಮೇಲೆ ಬಹುಕಾಲ ಎಣಿಸುವುದನ್ನೇ ಬಿಟ್ಟೆವು. ಬಾಯಾರಿದವರು ಇಮ್ಮಡಿಯಾದರು, ತಾವು ಅಷ್ಟೇ ಉಳಿದಿರಿ. ಒಂದು ಕಾಗದವನ್ನು ಅಪರೂಪ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅರ್ಥಶಾಸ್ತ್ರದ ಮೇಷ್ಟ್ರು ಬೇಕಾಗಿಲ್ಲ. ವರ್ಷ ವರ್ಷ ನವೀಕರಿಸಬೇಕಾದ ಅನುಮತಿ ಪತ್ರವೊಂದು ಸೈಟಿನ ಹಾಗೆ, ಪಿತ್ರಾರ್ಜಿತ ಆಸ್ತಿಯ ಹಾಗೆ ಕೈಯಿಂದ ಕೈಗೆ ಹೋಗತೊಡಗಿತು. ಬೆಂಗಳೂರಿನಲ್ಲಿ ಇವತ್ತು ತಮ್ಮ ಬೆಲೆ ಕೋಟಿಗಳ ಮಾತು. ಹಲವೆಡೆ ಸನ್ನದು ಒಬ್ಬರ ಹೆಸರಲ್ಲಿ, ಗಲ್ಲಾಪೆಟ್ಟಿಗೆಯಲ್ಲಿ ಕೂರುವವರು ಇನ್ನೊಬ್ಬರು, ನಡುವೆ ತಿಂಗಳ ಬಾಡಿಗೆ. ಕುಡಿತ ತಗ್ಗಿಸಲು ಮಾಡಿದ ನಿರ್ಧಾರ ಕುಡಿಸುವವರಿಗೆ ಕಾವಲುಗೋಡೆ ಕಟ್ಟಿಕೊಟ್ಟಿತು. 60 ಕುರ್ಚಿಯವನು ಗೋಡೆಯ ಹೊರಗೆ.

‘ಸಿಎಲ್-7 ತಗೊಳ್ಳಿ ಸಾರ್, ಅದು ಈಗಲೂ ಕೊಡ್ತಾರೆ’ ಎಂದು ವಿಷಯ ಬಲ್ಲವರು ಸಲಹೆ ಕೊಟ್ಟರು. ಕೊಡುತ್ತಾರೆ, ನಿಜ. ಅದಕ್ಕೆ ಲಾಡ್ಜು ಕಟ್ಟಬೇಕು. ಸ್ನಾನದ ಮನೆ ಸಮೇತ ಇಂತಿಷ್ಟು ಕೋಣೆ ಇರಬೇಕು. ಅಂದರೆ ಒಬ್ಬ ಮನುಷ್ಯನಿಗೆ ಒಂದು ಪೆಗ್ ಕೊಡುವ ಮೊದಲು ಅವನಿಗೆ ಮಲಗಲು ಮಂಚ, ಮಿಂದೇಳಲು ಗೀಸರ್ ತೋರಿಸಬೇಕು. ಬೆಂಗಳೂರಿನಲ್ಲಿ ಕೆಲವು ಲಾಡ್ಜುಗಳ ಮೆಟ್ಟಿಲು ಹತ್ತಿ ನೋಡಿ: ಮೇಲಿನ ಕೋಣೆ ನೆಪಕ್ಕೆ, ಕೆಳಗಿನ ಬಾರೇ ಜಪಕ್ಕೆ. ಬಿಯರಿಗೆ ಬೇರೆ ದಾರಿಯಿದೆ, ವೈನಿಗೆ ಇನ್ನೊಂದು ದಾರಿಯಿದೆ. ನಮ್ಮ ರಂಗಾಸಕ್ತರು ಕೇಳುವುದು ಹಳೇ ರಮ್ಮು. ಇನ್ನು ಸಿಎಲ್-5 ಎಂಬ ಕಿರಿಯರಿದ್ದಾರೆ, ಸಮಾರಂಭಕ್ಕೆ ಮಾತ್ರ ಬಂದುಹೋಗುವವರು. ಐನೂರು ಜನರ ರಿಸೆಪ್ಷನ್ನಿಗೆ ಅವರು ಸಲೀಸು. ಪ್ರತಿ ಶನಿವಾರದ ನಾಟಕವನ್ನು ಪ್ರತಿ ಸಲವೂ ಹೊಸ ಮದುವೆಯೆಂದು ಬರೆದು ಅರ್ಜಿ ಕೊಡುವ ಧೈರ್ಯ ನನಗಿಲ್ಲ.

ದೂರದ ಲೆಕ್ಕಕ್ಕೆ ಬರೋಣ. 1967ರ ಸಾಮಾನ್ಯ ಷರತ್ತುಗಳ ನಿಯಮದಂತೆ ದೇವಸ್ಥಾನ, ಶಾಲೆ, ಆಸ್ಪತ್ರೆಗಳಿಂದ 100 ಮೀಟರ್ ಒಳಗೆ ತಮ್ಮನ್ನು ಇಟ್ಟುಕೊಳ್ಳುವಂತಿಲ್ಲ. ಒಳ್ಳೆಯ ನಿಯಮ, ನನ್ನ ತಕರಾರಿಲ್ಲ. ಆದರೆ ಬಸವನಗುಡಿಯ ಕಡೆ ಒಮ್ಮೆ ಟೇಪು ಹಿಡಿದು ನಡೆಯಿರಿ. ಗಣಪತಿ ತಪ್ಪಿದರೆ ರಾಯರ ಮಠ, ಮಠ ತಪ್ಪಿದರೆ ಶಾಲೆ, ಶಾಲೆ ತಪ್ಪಿದರೆ ನರ್ಸಿಂಗ್ ಹೋಮು. ಹಾಗೂ ಅಳೆದು ಅಳೆದು ಒಂದು ಜಾಗ ಉಳಿದರೆ ಅಲ್ಲಿ ಈಗಾಗಲೇ ತಾವಿರುತ್ತೀರಿ.

ಹೆದ್ದಾರಿಯ ಪ್ರಸಂಗ ತಮಗೆ ಚೆನ್ನಾಗಿ ನೆನಪಿರಬೇಕು. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದಂಗಡಿ ಕೂಡದು ಎಂದಿತು. ಮುಂದಿನ ಮಾರ್ಚಿನಲ್ಲಿ 20,000ದವರೆಗೆ ಜನಸಂಖ್ಯೆಯಿರುವ ಊರುಗಳಿಗೆ ಅದು 220 ಮೀಟರ್ ಆಯಿತು. ಕುಡಿದು ಗಾಡಿ ಓಡಿಸಿ ಸಾಯುವವರನ್ನು ಕಂಡು ಬಂದ ತೀರ್ಪು, ಅದರ ಕಾಳಜಿಯನ್ನು ಯಾರೂ ಹಂಗಿಸಲಾರರು. ಹಂಗಿಸಬೇಕಾದ್ದು ಆಮೇಲಿನದ್ದನ್ನು. ಅಬಕಾರಿ ವರ್ಷ ಶುರುವಾಗುವುದು ಜುಲೈ 1ಕ್ಕೆ. 2017ರ ಆ ದಿನ ನವೀಕರಣವಾಗದೆ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ತಮ್ಮ ಬಳಗ ಬಾಗಿಲು ಹಾಕಿತು. ಬಾರನ್ನು ರಸ್ತೆಯಿಂದ ದೂರ ಒಯ್ಯುವ ಬದಲು ರಸ್ತೆಯನ್ನೇ ಹೆದ್ದಾರಿಯ ಪಟ್ಟಿಯಿಂದ ಕೈಬಿಡುವ ಉಪಾಯ ಹಲವು ರಾಜ್ಯಗಳಿಗೆ ಹೊಳೆಯಿತು. ಅದೇ ತಿಂಗಳ 11ರಂದು, ನಗರಸಭೆಗಳ ವ್ಯಾಪ್ತಿಯೊಳಗೆ ಈ ಆದೇಶದ ಅಡ್ಡಿಯಿಲ್ಲವೆಂದು ಕೋರ್ಟೇ ಬಿಡಿಸಿ ಹೇಳಿತು. ಕೇರಳದ ಉತ್ತರ ಪರವೂರಿನ ಬಾರಿನವರು ಇವರೆಲ್ಲರಿಗಿಂತ ಜಾಣರು: ಬಾಗಿಲ ಮುಂದೆ ಗೋಡೆಗಳ ಚಕ್ರವ್ಯೂಹ ಕಟ್ಟಿ, ಗಿರಾಕಿ ಸುತ್ತಿ ಸುತ್ತಿ ನಡೆದು ಒಳಗೆ ಬರುವಂತೆ ಮಾಡಿದರು. ನಡಿಗೆಯ ದೂರ ತುಂಬಿತು, ಬಾರು ಇದ್ದಲ್ಲೇ ಇತ್ತು. ವ್ಯೂಹದಿಂದ ಹೊರಬರುವ ವಿದ್ಯೆ ಕುಡಿದ ಅಭಿಮನ್ಯುವಿಗೆ ಹೇಗೆ ಬರುತ್ತದೆಂದು ಯಾರೂ ಕೇಳಿದಂತಿಲ್ಲ. ಇಂಥ ಕಾಮಗಾರಿಗೆ ದೊಡ್ಡ ಕೈ ಬೇಕು. ಮಹಡಿ ಮೇಲಿನವನು ಚಕ್ರವ್ಯೂಹ ಕಟ್ಟಿದರೆ ಕೆಳಗಿನ ಜೆರಾಕ್ಸ್ ಅಂಗಡಿಯವರು ಜಗಳಕ್ಕೆ ಬರುತ್ತಾರೆ.

ವಯಸ್ಸಿನ ವಿಷಯದಲ್ಲಿ ತಮ್ಮ ಮನೆಯಲ್ಲೇ ಒಮ್ಮತವಿಲ್ಲ. ಅಧಿನಿಯಮ ತೆರೆದರೆ 18, ನಿಯಮ ತೆರೆದರೆ 21. ಇದನ್ನು 18ಕ್ಕೆ ಸರಿಹೊಂದಿಸುವ ಕರಡು 2023ರ ಜನವರಿಯಲ್ಲಿ ಹೊರಬಂದು, ಗದ್ದಲವಾಗಿ, ಅದೇ ವೇಗದಲ್ಲಿ ವಾಪಸು ಹೋಯಿತು. ಅರ್ಧ ಶತಮಾನದಿಂದ ಎರಡೂ ಸಂಖ್ಯೆಗಳು ಒಂದೇ ಸೂರಿನಡಿ ಸಂಸಾರ ಮಾಡುತ್ತಿವೆ. ನನ್ನ ಪ್ರೇಕ್ಷಕರ ಮೊಣಕಾಲು ನೋವನ್ನು ನೋಡಿದರೆ ಈ ಗೊಂದಲ ನಮ್ಮನ್ನು ಮುಟ್ಟುವುದಿಲ್ಲ.

ಈಗ ನಮ್ಮ ಇಂಟರ್‌ವಲ್‌ನಲ್ಲಿ ನಿಜವಾಗಿ ನಡೆಯುವುದನ್ನು ಹೇಳಿಬಿಡುತ್ತೇನೆ. ದೀಪ ಹೊತ್ತಿದ ಕೂಡಲೇ ಕೆಲವರು ಫೋನು ಬಂದವರಂತೆ ಎದ್ದು ಮೆಟ್ಟಿಲಿಳಿಯುತ್ತಾರೆ. ರಸ್ತೆಯ ತಿರುವಿನಲ್ಲಿ ಎಂಆರ್‌ಪಿ ಮದ್ಯದಂಗಡಿಯ ಕಬ್ಬಿಣದ ಜಾಲರಿ. ಜಾಲರಿಯ ಕಿಂಡಿಯಲ್ಲಿ ನೋಟು ಒಳಗೆ, ನೈಂಟಿಯ ಟೆಟ್ರಾ ಪ್ಯಾಕು ಹೊರಗೆ. ಪಕ್ಕದ ಗಾಡಿಯವನ ಹತ್ತಿರ ಪ್ಲಾಸ್ಟಿಕ್ ಲೋಟ, ನೀರಿನ ಪಾಕೀಟು, ಉಪ್ಪಿನಕಾಯಿ. ಅಲ್ಲಿ ಕುಡಿಯುವಂತಿಲ್ಲ ಎಂಬ ಬೋರ್ಡಿಗೆ ಬೆನ್ನು ಕೊಟ್ಟು, ಮೋರಿಯ ಅಂಚಿನಲ್ಲಿ ನಿಂತು, ಔಷಧಿ ಕುಡಿದಂತೆ ಕಣ್ಮುಚ್ಚಿ ಒಂದೇ ಏಟಿಗೆ ಇಳಿಸಿ, ಸೋಂಪು ಅಗಿಯುತ್ತ ಮೇಲೆ ಬರುತ್ತಾರೆ. ಎರಡನೆಯ ಅಂಕದಲ್ಲಿ ನಾಯಕ ಸಾಯುವ ಹೊತ್ತಿಗೆ ಅವರ ಕಣ್ಣು ತುಂಬಿರುತ್ತದೆ. ನಟ ಅದನ್ನು ತನ್ನ ಅಭಿನಯವೆಂದು ತಿಳಿಯುತ್ತಾನೆ. ನಾಲ್ಕೈದು ನಿಮಿಷದಲ್ಲಿ ಮುಗಿಯುವ ಈ ಕುಡಿತದಲ್ಲಿ ಮಾತಿಲ್ಲ, ತಿಂಡಿಯಿಲ್ಲ, ‘ಸಾಕು ಮಾರಾಯ, ಇನ್ನು ಬೇಡ’ ಎನ್ನುವ ಸ್ನೇಹಿತನಿಲ್ಲ. ಕೂತು ಕುಡಿಯುವವನನ್ನು ಎಲ್ಲರೂ ನೋಡುತ್ತಾರೆ, ಹಾಗಾಗಿ ಅವನು ಅಳತೆ ಮೀರುವುದು ಕಷ್ಟ. ನಿಂತು ಕುಡಿಯುವವನನ್ನು ನೋಡುವುದು ಮೋರಿಯೊಂದೇ. ತಮ್ಮ ಕುಟುಂಬದ ಏರ್ಪಾಡು ನಿಂತು ಕುಡಿಯುವವನಿಗೆ ತಿರುವಿಗೊಂದು ಕಿಂಡಿ ಕೊಟ್ಟಿದೆ. ಕೂರಬೇಕೆನ್ನುವವನಿಗೆ ಕತ್ತಲೆಯ ದೊಡ್ಡ ಬಾರನ್ನೋ ಕಿವಿಗಡಚಿಕ್ಕುವ ಪಬ್ಬನ್ನೋ ತೋರಿಸುತ್ತದೆ.

ಇದೆಲ್ಲ ಜನರ ಆರೋಗ್ಯಕ್ಕಾಗಿ ಎನ್ನುತ್ತೀರಿ. ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸಿ ಎಂದು ಸರ್ಕಾರಗಳಿಗೆ ಹೇಳಿದೆ, ಅದು ಗೊತ್ತು. ಹಾಗೆ ಪ್ರಯತ್ನಿಸುತ್ತಲೇ ನಮ್ಮ ರಾಜ್ಯ 2003ರಲ್ಲಿ ಪಾನೀಯ ನಿಗಮ ಕಟ್ಟಿ ತಾನೇ ಸಗಟು ವ್ಯಾಪಾರಿಯಾಯಿತು. ತಾವು ಮಾರುವ ಬಾಟಲಿಗಳು ಅದರ ಗೋದಾಮು ದಾಟಿಯೇ ಬರಬೇಕು. ಚಿಲ್ಲರೆಗೆ ಸರ್ಕಾರದ್ದೇ ಆದ ಎಂಎಸ್‌ಐಎಲ್ ಮಳಿಗೆಗಳಿವೆ. 2007ರ ಜುಲೈ 1ರಂದು ಸಾರಾಯಿ ನಿಂತಿತು. ಸಾರಾಯಿ ಕುಡಿಯುತ್ತಿದ್ದ ಬಡವ ನಿಲ್ಲಲಿಲ್ಲ, ಅಗ್ಗದ ವಿಸ್ಕಿಯ ಕಿಂಡಿಗೆ ಬಂದ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಪ್ರಯತ್ನ ಯಾವ ದಿಕ್ಕಿನದೆಂದು ಈ ಸಂಖ್ಯೆಯೇ ಹೇಳುತ್ತದೆ.

2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುವ ಮದ್ಯ ತಮ್ಮ ಮನೆಗಳನ್ನು ಮುರಿಯುತ್ತಿದೆ, ನಿಷೇಧ ಮಾಡಿ ಎಂದು ಕೇಳಿದರು. ಇಲ್ಲಿ ನನ್ನ ವ್ಯಂಗ್ಯವನ್ನು ಕೆಳಗಿಡುತ್ತೇನೆ. ಆ ನಡಿಗೆಯ ಮುಂದೆ ನನ್ನ ಕೌಂಟರಿನ ಆಸೆ ಸಣ್ಣದು. ಆದರೆ ಒಂದನ್ನು ಗಮನಿಸಿ. ಅವರು ನಿಷೇಧ ಕೇಳಿದಾಗ ಖಜಾನೆಯ ಲೆಕ್ಕ ಅಡ್ಡ ಬರುತ್ತದೆ. ನನ್ನಂಥವನು ಅನುಮತಿ ಕೇಳಿದಾಗ ನೀತಿಪಾಠ ಅಡ್ಡ ಬರುತ್ತದೆ. ಇಬ್ಬರೂ ಬರಿಗೈಯಲ್ಲಿ ಮರಳುತ್ತಾರೆ. ನಡುವೆ ಹಾಯಾಗಿ ಕೂತವರು ಯಾರು? ತಾವೇ, ಸ್ವಾಮಿ.

ಇತ್ತೀಚೆಗೆ ತಮ್ಮ ಮನೆಯಲ್ಲಿ ಸಡಗರದ ಸುದ್ದಿ ಬಂತು. ಹಂಚಿಕೆಯಾಗದೆ ಉಳಿದ ಸನ್ನದುಗಳನ್ನು ಇ-ಹರಾಜು ಹಾಕುವುದಾಗಿ 2025ರ ಬಜೆಟ್ ಹೇಳಿತು. ಪಾರದರ್ಶಕವಂತೆ, ಸಂತೋಷ. ಗಾಜು ಎಷ್ಟೇ ಪಾರದರ್ಶಕವಾದರೂ ಹೊರಗೆ ನಿಂತವನು ಹೊರಗೇ. ಕೋಟಿ ಕೂಗಬಲ್ಲವರ ಹರಾಜಿನಲ್ಲಿ ಕೋಡುಬಳೆ ಮಾರುವವನು ಕೈ ಎತ್ತಿದರೆ ತೀರ್ಥ ಕೇಳುತ್ತಿದ್ದಾನೆ ಅಂದುಕೊಂಡಾರು.

ಹಾಗಾಗಿ ಹಿರಿಯರಾದ ತಮ್ಮಲ್ಲಿ ಕೋರಿಕೆ ಇಷ್ಟೇ: ಮನೆಗೊಬ್ಬ ಕಿರಿಯನನ್ನು ಬರಮಾಡಿಕೊಳ್ಳಿ. ನಾಟಕ, ಸಂಗೀತ, ಸಾಹಿತ್ಯದ ಸಣ್ಣ ಜಾಗಗಳಿಗೆ ಮಾತ್ರ ಸಿಗುವ, ಕುರ್ಚಿಯ ಲೆಕ್ಕದಲ್ಲಿ ಶುಲ್ಕ ಕಟ್ಟುವ, ಮಾರಲಾಗದ, ಬಾಡಿಗೆಗೆ ಕೊಡಲಾಗದ ಸನ್ನದು. ಪ್ರದರ್ಶನವಿದ್ದ ದಿನ ಮಾತ್ರ ತೆರೆಯಲಿ, ಪರದೆ ಬಿದ್ದ ಅರ್ಧ ಗಂಟೆಗೆ ಮುಚ್ಚಲಿ. ಹೊರಗೆ ಬೋರ್ಡು ಬೇಡ, ತಿಂಡಿ ಕಡ್ಡಾಯವಿರಲಿ. ಜಾಗ ಮುಚ್ಚಿದ ದಿನ ಸನ್ನದೂ ಸಾಯಲಿ. ತಮ್ಮ ಕೋಟಿಗೆ ಇದರಿಂದ ಒಂದು ರೂಪಾಯಿಯೂ ಕುಂದಿಲ್ಲ.

ತಾವು ಕಾಗದವಾದ್ದರಿಂದ ಉತ್ತರಿಸಲಾರಿರಿ. ಈ ಪತ್ರ ಕಣ್ಣಿಗೆ ಬಿದ್ದ ಶಾಸಕರು ಯಾರಾದರೂ ಇದ್ದರೆ ಮುಂದಿನ ಅಧಿವೇಶನದಲ್ಲಿ ಒಂದೇ ಪ್ರಶ್ನೆ ಹಾಕಿ: 1992ರಿಂದ ಈವರೆಗೆ ಕೈಬದಲಾದ ಸಿಎಲ್-9 ಸನ್ನದುಗಳಲ್ಲಿ ಎಷ್ಟು 60 ಕುರ್ಚಿಗಿಂತ ಸಣ್ಣ ಜಾಗಕ್ಕೆ ಹೋಗಿವೆ? ಉತ್ತರ ಲಿಖಿತವಾಗಿಯೇ ಬರಲಿ.

ಇಂತಿ ತಮ್ಮ ವಿಧೇಯ,
ಸನ್ನದಿಲ್ಲದ ನಾಟಕದ ಮನೆಯವನು