ಸಾವಿರ ವ್ಯಾಟಿನ ಸಂಗೀತ

ಕೊಪ್ಪಳ ಜಿಲ್ಲೆಯ ಮಂಗಳೂರಿನಿಂದ (ಇದು ಕಡಲಿಲ್ಲದ ಮಂಗಳೂರು) ಗವಿಮಠದ ಜಾತ್ರೆಗೆ ಬೈಕೇರುವ ರಸಿಕನಿಗೆ, ಆ ಬೈಕಿಗೊಂದು ಸ್ಪೀಕರ್ ಕೊಳ್ಳುವಾಗ, ತಯಾರಕರ ಡಬ್ಬಿಯ ಮೇಲಿನ ಶಾಸನ, ಗ್ಯಾರೇಜಿನ ಮೆಕ್ಯಾನಿಕ್‌ನ ಆಪ್ತವಾಕ್ಯ ಎಂಬ ಎರಡು ಪ್ರಮಾಣಗಳು ಎದುರಾಗುತ್ತವೆ. ಡಬ್ಬಿ ಸಾರುವ 1000 ವ್ಯಾಟ್ ಸಾಮಾನ್ಯವಾಗಿ ಕ್ಷಣಮಾತ್ರದ ಶಿಖರಶಕ್ತಿಯೇ ಹೊರತು ಆರ್‌ಎಂಎಸ್, ಅಂದರೆ ಎಡೆಬಿಡದೆ ತಾಳಬಲ್ಲ ಶಕ್ತಿ ಅಲ್ಲ. ಆ ಸಾವಿರ ವ್ಯಾಟ್ ಎಡೆಬಿಡದ ಶಕ್ತಿಯೇ ಆಗಿದ್ದರೆ ಬೈಕಿನ 12 ವೋಲ್ಟಿನ ಬ್ಯಾಟರಿ ಸುಮಾರು 83 ಆಂಪಿಯರ್ ಸುರಿಯಬೇಕಾಗಿ, ಪಲ್ಲವಿ ಮುಗಿಯುವ ಮುನ್ನವೇ ಬೈಕು ತಳ್ಳುವ ಕೆಲಸ ಸವಾರನ ಚರಣಗಳಿಗೆ ಬೀಳುತ್ತಿತ್ತು. ಅದೇ ಡಬ್ಬಿಯ ಮೇಲಿನ ಐಪಿಎಕ್ಸ್7 ಎಂಬ ಬಿರುದು ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಕೆಡದೆಂಬ ಭರವಸೆಯಾದರೂ, ಅದರೊಳಗಿನ ಎಕ್ಸ್ ಧೂಳಿನ ಬಗ್ಗೆ ವಹಿಸಿದ ಮೌನವಾಗಿದೆ. ಮಳೆಗಿಂತ ಧೂಳೇ ಧಾರಾಳವಾದ ಈ ಸೀಮೆಯಲ್ಲಿ ಆ ಮೌನವನ್ನು ಮುರಿಯುವವನು ಸ್ಪೀಕರ್ ಬಿಚ್ಚಿ ಜಾಡಿಸುವ ಮೆಕ್ಯಾನಿಕ್ಕೇ. ಅವನ ಮಾತೇ ಹೆಚ್ಚು ನಂಬಲರ್ಹ, ಮಾರಲೆಂದು ಅವನೂ ಒಂದು ಸ್ಪೀಕರ್ ಇಟ್ಟುಕೊಂಡಿರದಿದ್ದರೆ.