ವಸ್ತ್ರಪ್ರಕ್ಷಾಳನ ಪ್ರಸಂಗ

ಕೆಟ್ಟುನಿಂತ ವಾಷಿಂಗ್ ಮೆಷೀನನ್ನು ಪರೀಕ್ಷಿಸಲು ಬರುವ ಮಹನೀಯರು ಯಾವ ಸಂಸ್ಥೆಯವರೇ ಆಗಿರಲಿ, ಮುಚ್ಚಳ ತೆಗೆದು ಒಳಗೊಮ್ಮೆ ಇಣುಕಿ, ಪರಮವೈರಾಗ್ಯದಿಂದ ನುಡಿಯುವ ಮಾತು ಒಂದೇ: “ಬೋರ್ಡ್ ಹೋಗಿದೆ ಸಾರ್.” ನಮ್ಮ ಮನೆಯ ಹಳೆಯ ಯಂತ್ರದಲ್ಲಿ ಈ ಬೋರ್ಡು ಹೋಗಿ, ಹೊಸದು ಬಂದು, ಅದೂ ಹೋಗಿ, ಅದರ ಬೆನ್ನಿಗೇ ಪಂಪೂ ಪಂಪಿನ ಬೆನ್ನಿಗೇ ಬೇರಿಂಗೂ ಹೊರಟುಹೋದ ಮೇಲೆ, “ಈ ಮಾಡೆಲ್‌ಗೆ ಪಾರ್ಟ್ ಬರೋಲ್ಲ ಸಾರ್, ಎಕ್ಸ್‌ಚೇಂಜಿಗೆ ಹಾಕ್ಬಿಡಿ” ಎಂಬ ಮಹಾವಾಕ್ಯವು ಹೊರಬಿದ್ದಿತು. ಅಲ್ಲಿಯವರೆಗೆ ರಿಪೇರಿಗೆಂದು ನಾನು ತೆತ್ತ ಹಣವು ಯಾವ ಎಕ್ಸ್‌ಚೇಂಜಿಗೂ ಸಲ್ಲದೆಂಬುದು ಆ ವಾಕ್ಯದ ಗೂಢಾರ್ಥ.

ಯಾವ ವಸ್ತುವನ್ನೇ ಕೊಳ್ಳಲಿ, ಅದರ ಪೂರ್ವಚರಿತ್ರೆಯನ್ನು ಅರಿಯದೆ ಅಂಗಡಿಯ ಮೆಟ್ಟಲು ಹತ್ತುವುದು ನನ್ನ ಸ್ವಭಾವವಲ್ಲ. ಆದುದರಿಂದ ಮೊದಲು ಪುಸ್ತಕಗಳನ್ನು ತೆರೆದು, ಜರ್ಮನಿಯ ರೇಗೆನ್ಸ್‌ಬರ್ಗಿನ ಪಾದ್ರಿಯೂ ಅಣಬೆ ಮತ್ತು ಕೀಟಗಳ ಪಂಡಿತನೂ ಆದ ಷೇಫರ್ ಎಂಬಾತನು 1760ರ ದಶಕದಷ್ಟು ಹಿಂದೆಯೇ ಬಟ್ಟೆ ಒಗೆಯುವ ಯಂತ್ರವೊಂದರ ವಿವರವನ್ನು ಪ್ರಕಟಿಸಿದ್ದನೆಂಬ ಸಂಗತಿಯನ್ನು ಕಂಡುಹಿಡಿದು, ಬಚ್ಚಲಿನ ಬಾಗಿಲಲ್ಲಿ ನಿಂತು ನನ್ನಾಕೆಗೆ ಸವಿಸ್ತಾರವಾಗಿ ನಿವೇದಿಸಿದೆನು. ಅವಳು ಬಕೆಟ್ಟಿನಿಂದ ತಲೆಯೆತ್ತದೆ, “ಹಾಗಾದ್ರೆ ಆ ಪಾದ್ರಿಗಳನ್ನೇ ಕರೆಸ್ರೀ, ಬೆಡ್‌ಶೀಟು ನೆನೆದು ನಾರ್ತಾ ಇದೆ” ಎಂದಳು. ಸಂಶೋಧನೆಗೆ ಮನೆಯಲ್ಲಿ ದೊರೆಯುವ ಪ್ರೋತ್ಸಾಹ ಇಷ್ಟೇ.

ಮೇಲಿನಿಂದ ಬಟ್ಟೆ ತುಂಬುವ ಯಂತ್ರವೋ, ಮುಂದಿನಿಂದ ತುಂಬುವುದೋ ಎಂಬ ವಾದದಲ್ಲಿ ನನ್ನ ಭಾವಮೈದನು ಮೊದಲನೆಯ ಪಕ್ಷ. ಮರೆತ ಕಾಲುಚೀಲವನ್ನು ನಡುವೆ ಎಸೆಯಬಹುದೆಂಬುದು ಅವನ ವಾದಸಾರ. ಟ್ಯಾಂಕರ್ ನೀರಿಗೆ ದುಡ್ಡು ತೆರುವ ಬೆಂಗಳೂರಿನವನಾದ ನಾನು, ಕಡಿಮೆ ನೀರು ಕುಡಿಯುವ ಎರಡನೆಯದರ ಪಕ್ಷ. ಅಂಗಡಿಯ ತರುಣನಂತೂ ವಿದ್ಯುತ್ ಉಳಿತಾಯದ ನಕ್ಷತ್ರಗಳನ್ನೂ ಇನ್ವರ್ಟರ್ ಮೋಟಾರನ್ನೂ ವರ್ಣಿಸಿದ್ದೆಲ್ಲ, ಜನ್ಮದಲ್ಲಿ ಒಂದು ಕರವಸ್ತ್ರವನ್ನೂ ಒಗೆದರಿಯದ ನನಗೆ. ಬೋರ್‌ವೆಲ್ ನೀರಿಗೆ ಹೀಟರಿನ ಮೇಲೆ ಸುಣ್ಣ ಕಟ್ಟುವುದಿಲ್ಲವೇ, ಏಳು ಕಿಲೋ ಎಂದರೆ ಒಣಬಟ್ಟೆಯ ತೂಕವೋ ನೆನೆದುದರದೋ ಎಂದು ಕೇಳಬೇಕಾದುದನ್ನೇ ಕೇಳಿದ ನನ್ನಾಕೆಗೆ ಆತನಿತ್ತ ಉತ್ತರ, “ಕಲರ್ ಆಪ್ಷನ್ ಕೂಡ ಇದೆ ಮೇಡಂ.” ನನಗೆ ಇಂದಿಗೂ ಆ ಉತ್ತರವನ್ನು ನೆನೆದರೆ ಸಿಟ್ಟು ಬರುತ್ತದೆ.

ಕೊನೆಗೆ ಮುಂದಿನಿಂದ ತುಂಬುವ ಯಂತ್ರವೇ ಬಂದಿತು. ಕಂಪನಿಯವರು ಬರುವವರೆಗೆ ಮುಟ್ಟಬಾರದೆಂದು ಇಳಿಸಿದ ಹುಡುಗರು ಹೇಳಿ ಹೋದರು. ಆದರೆ ಅದರ ಬೆನ್ನಿನಲ್ಲಿ ನಾಲ್ಕು ದಪ್ಪ ಬೋಲ್ಟುಗಳು ನನ್ನ ಕಣ್ಣಿಗೆ ಬಿದ್ದುವು. ಬೋಲ್ಟೆಂಬುದು ಇರುವುದೇ ಬಿಗಿಯುವುದಕ್ಕೆ ಎಂಬ ಸಿದ್ಧಾಂತದಲ್ಲಿ ನನಗಿರುವುದು ಅಚಲವಾದ ವಿಶ್ವಾಸ. ಭಾವಮೈದನು ಸ್ಪ್ಯಾನರ್ ತಂದನು. ಇಬ್ಬರೂ ಸೇರಿ ಒಂದೊಂದಕ್ಕೂ ಇನ್ನರ್ಧ ಸುತ್ತು ಕೊಟ್ಟು, ನಲ್ಲಿಗೆ ಪೈಪು ಸಿಕ್ಕಿಸಿ, ಬೆಡ್‌ಶೀಟುಗಳನ್ನು ತುಂಬಿ, ಗುಂಡಿಯನ್ನೊತ್ತಿದೆವು.

ಒಗೆತವು ಸಾಂಗವಾಗಿ ಮುಗಿಯಿತು. ಹಿಂಡುವ ಘಟ್ಟ ಬಂದಿತು. ನಿಮಿಷಕ್ಕೆ 1200 ಸುತ್ತು ತಿರುಗುವ ಡ್ರಮ್ಮಿನ ಅಂಚಿನಲ್ಲಿ ಬಟ್ಟೆಯ ಮೇಲೆ ಬೀಳುವ ಬಲವು ಭೂಮಿಯ ಆಕರ್ಷಣೆಯ 300 ಪಟ್ಟನ್ನೂ ಮೀರುತ್ತದೆಂದು ನಾನು ಭಾವಮೈದನಿಗೆ ವಿವರಿಸುತ್ತಿರುವಾಗಲೇ, ಯಂತ್ರವು ಮೊದಲು ಗಂಟಲು ಸರಿಮಾಡಿಕೊಂಡಿತು. ಆಮೇಲೆ ತಲೆಯನ್ನು ಅತ್ತಿತ್ತ ಒಲೆದಾಡಿಸಿತು. ತರುವಾಯ, ಮೈಮೇಲೆ ದೇವರು ಬಂದ ಪೂಜಾರಿಯಂತೆ ಆಪಾದಮಸ್ತಕ ನಡುಗುತ್ತ, ಒಂದು ಕಾಲನ್ನು ಮುಂದಿಟ್ಟು ಇನ್ನೊಂದನ್ನು ಎಳೆದುಕೊಂಡು, ಬಚ್ಚಲಿನ ಹೊಸ್ತಿಲಿನತ್ತ ಬಿಜಯಂಗೈಯತೊಡಗಿತು. ಮೇಲಿಟ್ಟಿದ್ದ ಸೋಪಿನಪುಡಿಯ ಡಬ್ಬಿ ಉರುಳಿತು. ಭಾವಮೈದನು ಸ್ಪ್ಯಾನರ್ ಸಹಿತ ಹಿತ್ತಲಿಗೆ ಪಲಾಯನಮಾಡಿದನು. ನಾನು ಮುನ್ನುಗ್ಗಿ ಎರಡು ಕೈಗಳಿಂದಲೂ ಅದನ್ನು ತಬ್ಬಿಹಿಡಿಯಲು, ಅದು ನನ್ನನ್ನೂ ಕೂಡಿಸಿಕೊಂಡೇ ನಡೆಯಿತು. ಕನ್ನಡಕವು ಮೂಗಿನ ತುದಿಗೆ ಬಂದು ತೂಗಾಡಿತು. “ಸ್ವಿಚ್ಚು ಆರಿಸಿ” ಎಂದು ನಾನು ಕೂಗಿದ್ದು ಹಲ್ಲುಗಳ ನಡುವೆ ಪುಡಿಯಾಗಿ, ಯಾವುದೋ ಬೀಜಾಕ್ಷರಮಂತ್ರವಾಗಿ ಹೊರಬಂದಿತು. ಅದನ್ನು ಕೇಳಿ ಜಪಮಣಿ ಹಿಡಿದೇ ಎದ್ದುಬಂದ ನನ್ನ ಸೋದರತ್ತೆ, ಎರಡು ಕ್ಷಣ ನಮ್ಮಿಬ್ಬರನ್ನೂ ದಿಟ್ಟಿಸಿ ನೋಡಿ, ತಗ್ಗಿದ ದನಿಯಲ್ಲಿ, “ಹಾಗೆ ಅಮುಕಬೇಡ್ವೋ. ಏನು ಬೇಕಂತೆ ಕೇಳು” ಎಂದರು.

ನನ್ನಾಕೆ ಬಂದು ಸ್ವಿಚ್ಚು ಆರಿಸಿದಳು.

ಮಾರನೆಯ ದಿನ ಬಂದ ಕಂಪನಿಯ ಹುಡುಗ, “ಇದನ್ನ ಬಿಚ್ಚಬೇಕು ಸಾರ್! ಲಾರೀಲಿ ಬರುವಾಗ ಡ್ರಮ್ಮು ಅಲ್ಲಾಡದೆ ಇರ್ಲಿ ಅಂತ ಹಾಕಿರೋದು” ಎಂದು ನಾಲ್ಕು ಬೋಲ್ಟುಗಳನ್ನೂ ತೆಗೆದು, ನಡೆದಾಟದಿಂದ ಒಳಗೇನಾದರೂ ಸಡಿಲಿತೋ ಎಂದು ಮೇಲಿನ ಹಲಗೆಯನ್ನು ಬಿಚ್ಚಿದನು. ಡ್ರಮ್ಮಿನ ತೊಟ್ಟಿಯ ನೆತ್ತಿಯಲ್ಲಿ ಒರಟಾದ ಬೂದುಬಣ್ಣದ ದಿಂಡೊಂದು ಕುಳಿತಿತ್ತು. “ಕಾಂಕ್ರೀಟು ಸಾರ್. ಈ ಭಾರ ಇಲ್ದಿದ್ರೆ ಕುಣಿಯತ್ತೆ.” ಅತ್ತೆ ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು. ಕಾರು ನಿಲ್ಲಿಸಲು ಜಾಗ ಸಾಲದೆಂದು ಹಿತ್ತಲಿನ ಒಗೆಯುವ ಕಲ್ಲನ್ನು ನಾನು ಕೂಲಿ ಕೊಟ್ಟು ಕೀಳಿಸಿದ್ದೆ. “ಆ ಕಲ್ಲು ಎತ್ತಿಸಿಹಾಕಿ, ಇಷ್ಟು ದುಡ್ಡು ಕೊಟ್ಟು ಇನ್ನೊಂದು ಕಲ್ಲು ತಂದ್ಯೇನೋ?” ಎಂದರು.

ಹುಡುಗನು ನಕ್ಕನು, ನಾನೂ ನಕ್ಕೆನು. ಆದರೆ ತುಂಬಿದ ಮನೆಯ ಪಂಚೆ, ಸೀರೆ, ಬಾಣಂತಿಯರ ಬಟ್ಟೆ, ಮಕ್ಕಳ ದುಪ್ಪಟಿಗಳನ್ನೆಲ್ಲ ಆ ಕಲ್ಲಿನ ಮೇಲೆ ಒಗೆದವರು ಈ ಅತ್ತೆಯೇ. ಆಗ ಯಾವ ಭಾವಮೈದನೂ ಯಾವ ಪಕ್ಷವನ್ನೂ ಹಿಡಿದು ವಾದಿಸಲಿಲ್ಲ. ಯಾರೂ ಷೇಫರನನ್ನು ಓದಲಿಲ್ಲ. ಬೋರ್ಡ್ ಹೋದರೆ ಫೋನು ಮಾಡಿ ಕರೆಸುತ್ತೇವೆ. ಅತ್ತೆಯ ಸೊಂಟ ಹೋದಾಗ ಕೊಬ್ಬರಿಎಣ್ಣೆಯನ್ನು ಅವರೇ ಬಿಸಿಮಾಡಿಕೊಂಡು ಹಚ್ಚಿಕೊಂಡರು.

ಯಂತ್ರ ಕೊಳ್ಳಹೊರಟ ವಾಚಕಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟು: ನಕ್ಷತ್ರಗಳನ್ನೆಣಿಸುವ ಮುನ್ನ ಬಚ್ಚಲಿನ ನೆಲ ಮಟ್ಟಸವಾಗಿದೆಯೇ ನೋಡಿರಿ, ಗಡಸುನೀರಾದರೆ ಆಗಾಗ ನಿಂಬೆಉಪ್ಪು ಹಾಕಿ ಬರಿಯ ಡ್ರಮ್ಮನ್ನು ಬಿಸಿನೀರಿನಲ್ಲಿ ತಿರುಗಿಸಿರಿ, ಕೆಳಗಿನ ಫಿಲ್ಟರನ್ನು ತಿಂಗಳಿಗೊಮ್ಮೆಯಾದರೂ ತೆಗೆದು, ಅದರೊಳಗಿನ ಚಿಲ್ಲರೆಯನ್ನೂ ಸೀರೆಪಿನ್ನನ್ನೂ ಅವರವರಿಗೆ ಒಪ್ಪಿಸಿರಿ. ಯಂತ್ರವು ಒಗೆದು ಹಿಂಡುತ್ತದೆ, ಅಷ್ಟೆ. ಒಣಹಾಕುವುದಕ್ಕೂ ಮಡಿಸುವುದಕ್ಕೂ ಇನ್ನೂ ಮನುಷ್ಯರೇ ಬೇಕು. ಪ್ರತಿದಿನವೂ ಆ ಮನುಷ್ಯರು ಒಬ್ಬರೇ ಆಗದಂತೆ ದಯವಿಟ್ಟು ನೋಡಿಕೊಳ್ಳಿರಿ.